ಬೇಬಿ ಅಂದರೆ ಮಗು ತಾನೇ? ಮಗು ಅನ್ನುವ ಕಡೆಯೆಲ್ಲ ಬೇಬಿ ಅನ್ನಬಹುದಾ?

ದಯವಿಟ್ಟು ಅನ್ನಬೇಡಿ. ನಾನು ಹಾಗೆ ಅಂದುಕೊಂಡೇ ಕೈಗೆ ಬಂದ ಪ್ರಾಜೆಕ್ಟ್ ಕಳೆದುಕೊಂಡೆ.

ಆಗ ನನ್ನ ಮಗಳಿಗೆ ಆರು ವರ್ಷ. ಮ್ಯಾನೇಜರ್ ಬೇರೆ ದೇಶದಲ್ಲಿದ್ದರು, ಇಂಗ್ಲಿಷ್ ಅವರ ಮನೆಮಾತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಎಲ್ಲ ಮೇಲ್‌ನಲ್ಲೇ. ತಡರಾತ್ರಿಯ ಮೀಟಿಂಗ್‌ಗಳಿಂದ ನನಗೆ ಬಿಡುವು ಬೇಕಿತ್ತು. ಮನಸ್ಸಿನಲ್ಲಿದ್ದ ಮಾತು, 'ನನಗೆ ಮಗು ಇದೆ, ರಾತ್ರಿ ಕಷ್ಟ ಆಗುತ್ತೆ.' ಬರೆದದ್ದು, 'ಐ ಆಮ್ ಹ್ಯಾವಿಂಗ್ ಎ ಬೇಬಿ.' ಐದು ನಿಮಿಷಕ್ಕೆ ಉತ್ತರ ಬಂತು: ಕಂಗ್ರಾಜುಲೇಷನ್ಸ್! ಎಷ್ಟು ಒಳ್ಳೆಯವರು ಅಂದುಕೊಂಡೆ. ರಾತ್ರಿ ಮೀಟಿಂಗೂ ತಪ್ಪಿತು.

ಕೆಲವು ತಿಂಗಳಾದ ಮೇಲೆ, ನಾನು ಬಹಳ ದಿನದಿಂದ ಕಾಯುತ್ತಿದ್ದ ಪ್ರಾಜೆಕ್ಟ್ ಶುರುವಾಯಿತು. ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ಅದೇ ವಾರ ಅವರಿಂದ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಹಳದಿ ಉಣ್ಣೆಯ ಕಾಲುಚೀಲ, ನನ್ನ ಹೆಬ್ಬೆರಳಿನಷ್ಟೇ ಉದ್ದ. ಮಗಳು ಅವನ್ನು ಎರಡು ಬೆರಳಿಗೆ ತೊಡಿಸಿ ಮೇಜಿನ ಮೇಲೆ ನಡೆಸುತ್ತಾ ಆಡಿದಳು. ಅದನ್ನು ನೋಡುತ್ತಾ ಕೂತಾಗಲೇ ನನಗೆ ಹೊಳೆದದ್ದು. ಫೋನ್ ಮಾಡಿ ಕೇಳಿದೆ. 'ಆ ಹೊತ್ತಿಗೆ ನೀವು ಹೆರಿಗೆ ರಜೆಯಲ್ಲಿ ಇರುತ್ತೀರಲ್ಲ ಅಂತ ಸೇರಿಸಲಿಲ್ಲ' ಅಂದರು. ಅವರದು ಏನೂ ತಪ್ಪಿಲ್ಲ. ಓದಿದ್ದನ್ನು ಇದ್ದ ಹಾಗೇ ನಂಬಿದ್ದರು.

ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳುತ್ತೇನೆ. 'ಐ ಹ್ಯಾವ್ ಎ ಬೇಬಿ' ಅಂದರೆ ನನಗೆ ಎಳೆಮಗು ಇದೆ. 'ಐ ಹ್ಯಾಡ್ ಎ ಬೇಬಿ' ಅಂದರೆ ಸಾಮಾನ್ಯವಾಗಿ ಹೆತ್ತೆ ಅಂತ. 'ಐ ಆಮ್ ಹ್ಯಾವಿಂಗ್ ಎ ಬೇಬಿ' ಅಂದರೆ ನಾನು ಬಸುರಿ. ಹ್ಯಾವ್‌ಗೆ ಇಂಗ್ ಸೇರಿದ್ದೇ ತಡ, ಮನೆಯಲ್ಲಿ ಆಡುತ್ತಿದ್ದ ಮಗು ಹೊಟ್ಟೆಯೊಳಕ್ಕೆ ಹೋಯಿತು. ಇಂಗ್ ಬಿಟ್ಟು ಬರೆದಿದ್ದರೂ ತಪ್ಪೇ, ಯಾಕೆಂದರೆ ಆರು ವರ್ಷದವಳು ಬೇಬಿ ಅಲ್ಲ. 'ಐ ಹ್ಯಾವ್ ಎ ಸಿಕ್ಸ್ ಇಯರ್ ಓಲ್ಡ್ ಡಾಟರ್' ಅಂತ ಬರೆದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಒಂದೇ ಸಾಲು!

ನಮ್ಮ ಮಗು ಅನ್ನುವ ಪದ ಬಹಳ ದೊಡ್ಡದು. ತೊಟ್ಟಿಲಲ್ಲಿರುವುದೂ ಮಗು, ಶಾಲೆಗೆ ಹೋಗುವುದೂ ಮಗು. ಬೇಬಿ ಅಷ್ಟು ಹಿಗ್ಗುವುದಿಲ್ಲ. ಸುಮಾರು ಒಂದು ವರ್ಷದವರೆಗೆ, ಜಾಸ್ತಿ ಅಂದರೆ ಎರಡರವರೆಗೆ. ತಪ್ಪು ಹೆಜ್ಜೆ ಇಡಲು ಶುರುಮಾಡಿದರೆ ಟಾಡ್ಲರ್. ಆಮೇಲೆ ಚೈಲ್ಡ್. ಇನ್‌ಫಂಟ್ ಅನ್ನುವುದು ಆಸ್ಪತ್ರೆ, ಅರ್ಜಿ, ಟಿಕೆಟ್‌ಗಳ ಪದ. ಅದರ ಲ್ಯಾಟಿನ್ ಮೂಲಕ್ಕೆ 'ಮಾತು ಬಾರದ್ದು' ಅಂತ ಅರ್ಥ. ವೈದ್ಯರು ಸಾಮಾನ್ಯವಾಗಿ ಒಂದು ವರ್ಷದೊಳಗಿನ ಮಗುವನ್ನು ಇನ್‌ಫಂಟ್ ಅನ್ನುತ್ತಾರೆ, ವಿಮಾನದವರು ಎರಡು ವರ್ಷದೊಳಗಿನದನ್ನು. ಹಾಗಾಗಿ ಅರ್ಜಿಯಲ್ಲಿ ಆ ಪದ ಕಂಡರೆ ಎಷ್ಟು ವಯಸ್ಸಿನವರೆಗೆ ಅಂತ ಅಲ್ಲೇ ನೋಡಿಕೊಳ್ಳಿ.

ನಿಮ್ಮ ಪ್ರಶ್ನೆಯೇ ನನಗೆ ಸರಿಕಾಣಲಿಲ್ಲ. ಬೇಬಿಗೆ ಕನ್ನಡದಲ್ಲಿ ಒಂದು ಪದ ಹುಡುಕಿ ಏನು ಸಿಗುತ್ತೆ? ನಿಘಂಟು ನನಗೂ ಮಗು ಅಂತಲೇ ಹೇಳಿತ್ತು. ಯಾರು ಯಾರಿಗೆ ಅನ್ನುತ್ತಿದ್ದಾರೆ ಅಂತ ನೋಡಿ. ಪ್ರೇಮಿಗಳು ಬೇಬಿ ಅಂದರೆ ಮುದ್ದು. 'ಬೇಬಿ ಆಫ್ ದಿ ಫ್ಯಾಮಿಲಿ' ಅಂದರೆ ಮನೆಯಲ್ಲಿ ಕೊನೆಯವರು, ಅವರಿಗೆ ನಲವತ್ತಾದರೂ ಸರಿ. ಆದರೆ ಯಾರಿಗಾದರೂ 'ಡೋಂಟ್ ಬಿ ಎ ಬೇಬಿ' ಅಂದರೆ ಮನಸ್ಸಿಗೆ ಚುಚ್ಚುತ್ತೆ.

ಇನ್ನೊಂದು ವಿಷಯ. ಗಂಡೋ ಹೆಣ್ಣೋ ಗೊತ್ತಿಲ್ಲದಿದ್ದರೆ ಎಳೆಮಗುವಿಗೆ 'ಇಟ್' ಅನ್ನುವುದು ಇಂಗ್ಲಿಷಿನಲ್ಲಿ ಉಂಟು. ಹೆತ್ತವರ ಎದುರು ಮಾತ್ರ ಬೇಡ. 'ಹೌ ಓಲ್ಡ್ ಈಸ್ ದಿ ಬೇಬಿ' ಅಂತ ಕೇಳಿ, ಸಾಕು.