ಗಡಿಯಾರ ನೋಡಲು ಬರುವ ಮಗುವಿಗೆ ಸಮಯದ ಹೇಳಿಕೆ ಲೆಕ್ಕ ಯಾಕೆ ಬರುವುದಿಲ್ಲ?

ಮಗಳು ಮೂರನೇ ತರಗತಿ, ಗಡಿಯಾರ ಚೆನ್ನಾಗಿ ನೋಡುತ್ತಾಳೆ, ಆದರೆ ‘ಬಸ್ 9:50ಕ್ಕೆ ಹೊರಟು 11:35ಕ್ಕೆ ತಲುಪಿತು, ಎಷ್ಟು ಹೊತ್ತಾಯಿತು?’ ಎಂದರೆ 1 ಗಂಟೆ 85 ನಿಮಿಷ ಎಂದು ಬರೆಯುತ್ತಾಳೆ ಅಂತ ಕೇಳಿದ್ದೀರಿ.

ಮೊದಲಿಗೆ, ಅವಳಿಗೆ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತದೆ. 1135ರಲ್ಲಿ 950 ಕಳೆದರೆ 185 ತಾನೇ? ಗಂಟೆಯ ಮನೆಯಿಂದ ಸಾಲ ತಂದಾಗ 60ರ ಬದಲು 100 ತಂದಿದ್ದಾಳೆ, ಅದಕ್ಕೇ ಸರಿಯುತ್ತರಕ್ಕಿಂತ 40 ನಿಮಿಷ ಹೆಚ್ಚು ಬಂದಿದೆ. ಈ ವಯಸ್ಸಿನಲ್ಲಿ ಸಮಯವನ್ನು ಒಂದರ ಕೆಳಗೊಂದು ಬರೆದು ಕಳೆಯುವುದನ್ನು ಪೂರ್ತಿ ಬಿಡಿಸಿ. ಅದಕ್ಕೆ ಮುಂದಿನ ತರಗತಿಗಳಿವೆ.

ಬದಲಿಗೆ ಒಂದು ಅಡ್ಡಗೆರೆ ಎಳೆಸಿ. ಎಡತುದಿಯಲ್ಲಿ 9:50, ಬಲತುದಿಯಲ್ಲಿ 11:35. ಮೊದಲ ಜಿಗಿತ ಯಾವಾಗಲೂ ಮುಂದಿನ ಪೂರ್ಣ ಗಂಟೆಗೆ: 9:50ರಿಂದ 10:00, ಅಂದರೆ 10 ನಿಮಿಷ. ಆಮೇಲೆ ಇಡೀ ಗಂಟೆಗಳು: 10ರಿಂದ 11, ಅಂದರೆ 1 ಗಂಟೆ. ಕೊನೆಗೆ ಉಳಿದದ್ದು: 35 ನಿಮಿಷ. ಕೂಡಿದರೆ 1 ಗಂಟೆ 45 ನಿಮಿಷ. ಗಡಿಯಾರದ ಹೊತ್ತು ಗೆರೆಯ ಕೆಳಗೆ, ಜಿಗಿದ ನಿಮಿಷ ಗೆರೆಯ ಮೇಲೆ, ಅದೂ ಬೇರೆ ಬಣ್ಣದಲ್ಲಿ ಬರೆಸಿ. ಎರಡನ್ನೂ ಒಂದೇ ಕಡೆ ಬರೆದರೆ ಮಕ್ಕಳು 10:00ರಲ್ಲಿನ ಹತ್ತನ್ನೂ ಸೇರಿಸಿ ಕೂಡಿಬಿಡುತ್ತಾರೆ. ಗೆರೆ ಅಳತೆಗೆ ಸರಿಯಾಗಿ ಇರಬೇಕೆಂದೇನೂ ಇಲ್ಲ.

ಮಧ್ಯಾಹ್ನ ದಾಟುವ ಲೆಕ್ಕವೂ ಇದರಲ್ಲೇ ಬಗೆಹರಿಯುತ್ತದೆ. ಬೆಳಗ್ಗೆ 11:20ರಿಂದ ಮಧ್ಯಾಹ್ನ 1:05: 40 ನಿಮಿಷ, 1 ಗಂಟೆ, 5 ನಿಮಿಷ. ‘1ರಲ್ಲಿ 11 ಹೇಗೆ ಕಳೆಯಲಿ?’ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮೊದಲ ಜಿಗಿತದಲ್ಲೇ ಎಡವಿದರೆ 60ಕ್ಕೆ ಎಷ್ಟು ಬೇಕು ಎಂಬ ಅಭ್ಯಾಸ ಸಾಲದು ಎಂದರ್ಥ. ‘35’ ಎಂದು ಕೇಳಿ. ‘65’ ಎಂದರೆ ಇನ್ನೂ ನೂರರಲ್ಲೇ ಇದ್ದಾಳೆ, ‘25’ ಎನ್ನಬೇಕು. ದಿನಕ್ಕೆ ಎರಡು ನಿಮಿಷ ಬಾಯಲ್ಲೇ ಕೇಳಿದರೆ ಸಾಕು. ಮೊದಲು ಐದರ ಮಗ್ಗಿಯ ಸಂಖ್ಯೆಗಳು, ಆಮೇಲೆ 48, 52ರಂಥವು.

ಇನ್ನು ಓದುವ ತೊಂದರೆ. ಲೆಕ್ಕಕ್ಕಿಂತ ಹೆಚ್ಚು ಮಕ್ಕಳು ಸೋಲುವುದು ಇಲ್ಲಿಯೇ ಎಂದು ನನಗನಿಸುತ್ತದೆ. ನಾವು ಗಡಿಯಾರದ ಹೊತ್ತಿಗೂ ‘ಎರಡು ಗಂಟೆ’ ಎನ್ನುತ್ತೇವೆ, ಕಳೆದ ಅವಧಿಗೂ ‘ಎರಡು ಗಂಟೆ’ ಎನ್ನುತ್ತೇವೆ. ‘ರವಿ ಎರಡು ಗಂಟೆಯಿಂದ ಕಾಯುತ್ತಿದ್ದಾನೆ’ ಎಂದರೆ ದೊಡ್ಡವರೇ ಯಾವುದೆಂದು ಕೇಳಬೇಕಾಗುತ್ತದೆ. ‘ಗಂಟೆಗೆ’, ‘ಗಂಟೆವರೆಗೆ’ ಎಂದಿದ್ದರೆ ಅದು ಗಡಿಯಾರದ ಹೊತ್ತು, ಸುತ್ತ ವೃತ್ತ ಹಾಕಲಿ. ‘ಗಂಟೆ ಕಾಲ’, ‘ಗಂಟೆ ಹಿಡಿಯಿತು’ ಎಂದಿದ್ದರೆ ಅವಧಿ, ಕೆಳಗೆ ಗೆರೆ ಎಳೆಯಲಿ. ‘ಐದಕ್ಕೆ ಹತ್ತು ನಿಮಿಷ’ವನ್ನು 5:10 ಎಂದು ಬರೆಯುವ ಮಕ್ಕಳೂ ಬಹಳ. ಗಡಿಯಾರದ ಮುಳ್ಳು ತಿರುಗಿಸಿ 4:50 ತೋರಿಸಿಬಿಡಿ.

‘ನಂತರ ಅಂದರೆ ಕೂಡು, ಮುಂಚೆ ಅಂದರೆ ಕಳೆ’ ಎಂಬ ಸೂತ್ರವನ್ನು ದಯವಿಟ್ಟು ಹೇಳಿಕೊಡಬೇಡಿ. ‘ಸಿನಿಮಾ ಶುರುವಾಗುವ 20 ನಿಮಿಷ ಮುಂಚೆ, 3:50ಕ್ಕೆ, ಬಂದರು. ಸಿನಿಮಾ ಎಷ್ಟಕ್ಕೆ?’ ಇಲ್ಲಿ ‘ಮುಂಚೆ’ ಇದೆ, ಆದರೂ ಕೂಡಬೇಕು, ಉತ್ತರ 4:10. ಸಂಖ್ಯೆಗಳನ್ನು ಮುಚ್ಚಿ ಕಥೆಯನ್ನಷ್ಟೇ ಅವಳಿಂದ ಹೇಳಿಸಿ. ಆಮೇಲೆ ಒಂದೇ ಪ್ರಶ್ನೆ: ಶುರು, ಅವಧಿ, ಕೊನೆ, ಈ ಮೂರರಲ್ಲಿ ಯಾವುದು ಗೊತ್ತಿಲ್ಲ?

ಅಭ್ಯಾಸಕ್ಕೂ ಒಂದು ಕ್ರಮ ಇರಲಿ. ಕೊನೆ ಕೇಳುವ ಲೆಕ್ಕ ಸುಲಭ, ಅವಧಿ ಕೇಳುವುದು ಆಮೇಲೆ. ಶುರು ಕೇಳುವುದನ್ನು ಕಡೆಗಿಡಿ, ಏಕೆಂದರೆ ಕಥೆ ಮುಂದೆ ಓಡುತ್ತದೆ, ಲೆಕ್ಕ ಹಿಂದೆ ಹೋಗಬೇಕು. ‘ಆಟ 50 ನಿಮಿಷ ನಡೆದು 6:15ಕ್ಕೆ ಮುಗಿಯಿತು’ ಎಂದರೆ ಬಲತುದಿಯಿಂದ ಹಿಂದಕ್ಕೆ ಜಿಗಿಯಲಿ: 15 ನಿಮಿಷಕ್ಕೆ 6:00, ಉಳಿದ 35ಕ್ಕೆ 5:25. ಬಂದ ಉತ್ತರದಿಂದ ಮುಂದಕ್ಕೆ ಜಿಗಿದು 6:15 ಬರುತ್ತದೆಯೇ ಎಂದು ಅವಳೇ ನೋಡಿಕೊಳ್ಳಲಿ.

ದಿನಾಂಕದ ಲೆಕ್ಕಕ್ಕೆ ಮಾತ್ರ ಈ ಗೆರೆ ಬೇಡ. ರಜೆ 5ರಿಂದ 9ರವರೆಗೆ ಎಂದರೆ 5 ದಿನ, ಜಿಗಿತ ಮಾತ್ರ ನಾಲ್ಕೇ. ಅಲ್ಲಿ ಕ್ಯಾಲೆಂಡರ್ ಮೇಲೆ ಬೆರಳಿಟ್ಟೇ ಎಣಿಸಲಿ.