ಮನೆಯ ಆರ್ಗನ್‌ಗೆ ಹೊರಗಿನ ಸ್ಪೀಕರ್: ವೈರ್ ಎಲ್ಲಿಂದ ಎಳೆಯಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಯಮಾಹಾ ಎಲೆಕ್ಟೋನ್ ಇದೆ. ಎರಡು ಸಾಲು ಕೀ, ಕಾಲಲ್ಲಿ ಒತ್ತುವ ಪೆಡಲ್ ಎಲ್ಲಾ ಇರುವ ಆರ್ಗನ್. ಕೋಣೆಗೆ ಅದರ ಸದ್ದು ಸಾಕು. ಆದರೆ ಕ್ರಿಸ್‌ಮಸ್‌ಗೆ ಅಂಗಳದಲ್ಲಿ ನೆಂಟರೆಲ್ಲ ಸೇರಿ ಹಾಡುವಾಗ ಕೇಳಿಸುವುದೇ ಇಲ್ಲ. ಒಳಗಿನ ಸ್ಪೀಕರ್‌ನ ವೈರ್‌ಗೇ ಇನ್ನೊಂದು ದೊಡ್ಡ ಸ್ಪೀಕರ್ ಸೇರಿಸಿಕೊಡುತ್ತೇನೆ ಎಂದು ರಿಪೇರಿಯವರು ಹೇಳುತ್ತಾರೆ. ಬ್ಲೂಟೂತ್ ಸ್ಪೀಕರ್ ಸಾಕು ಅನ್ನುತ್ತಾನೆ ಮಗ. ಯಾವುದು ಸರಿ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಎರಡೂ ಬೇಡ.

ಆರ್ಗನ್ ಒಳಗಿರುವ ಆಂಪ್ಲಿಫೈಯರನ್ನು ಅದರದೇ ಸ್ಪೀಕರ್‌ಗೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. 8 ಓಮ್ ಸ್ಪೀಕರ್‌ಗೆ ಪ್ಯಾರಲಲ್ ಆಗಿ ಇನ್ನೊಂದು 8 ಓಮ್ ಸೇರಿಸಿದರೆ ಒಟ್ಟು ತಡೆ (ರೆಸಿಸ್ಟೆನ್ಸ್) 4 ಓಮ್‌ಗೆ ಇಳಿಯುತ್ತದೆ. ಆಂಪ್ ಎರಡು ಪಟ್ಟು ಕರೆಂಟ್ ಕೊಡಬೇಕು, ಬಿಸಿಯಾಗುತ್ತದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೇ ಹೋಗಬಹುದು. ಇಷ್ಟಾದರೂ ಅಂಗಳ ತುಂಬುವ ಸದ್ದು ಬರುವುದಿಲ್ಲ. ದುಡಿಯುವುದು ಅದೇ ಸಣ್ಣ ಆಂಪ್ ಅಲ್ವಾ?

ಬ್ಲೂಟೂತ್‌ದು ಬೇರೆ ತಾಪತ್ರಯ. ಕೀ ಒತ್ತಿದ ಮೇಲೆ ಸದ್ದು ಬರಲು ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ. ಹಾಡು ಕೇಳಲು ಇದೇನೂ ಅಡ್ಡಿಯಿಲ್ಲ. ನುಡಿಸುವವರಿಗೆ ಮಾತ್ರ ಕಿವಿ ಒಂದು ಕಡೆ, ಕೈ ಒಂದು ಕಡೆ. ತಾಳ ನಿಧಾನವಾಗುತ್ತಾ ಹೋಗುತ್ತದೆ, ಹಾಡುವವರೂ ಎಳೆಯತೊಡಗುತ್ತಾರೆ.

ನಿಮಗೆ ಬೇಕಾದದ್ದು ಆಂಪ್ ಒಳಗೇ ಇರುವ ಪವರ್ಡ್ ಸ್ಪೀಕರ್. ಆರ್ಗನ್‌ನ ಹಿಂಭಾಗದಲ್ಲೋ ಕೀಬೋರ್ಡ್‌ನ ಅಡಿಯಲ್ಲೋ ‘ಆಕ್ಸ್ ಔಟ್’ ಅಥವಾ ‘ಲೈನ್ ಔಟ್’ ಎಂದು ಬರೆದ ಜಾಕ್ ಇದೆಯಾ ನೋಡಿ. ಇದ್ದರೆ ಅಲ್ಲಿಂದ ಸ್ಪೀಕರ್‌ನ ಲೈನ್ ಇನ್‌ಪುಟ್‌ಗೆ ಕೇಬಲ್ ಕೊಡಿ. ಎಡ, ಬಲ ಎಂದು ಎರಡು ಜಾಕ್ ಇದ್ದು ಸ್ಪೀಕರ್ ಒಂದೇ ಆದರೆ, ‘ಎಲ್/ಮೋನೊ’ ಎಂದಿರುವುದನ್ನು ಬಳಸಿ. ಎರಡು ಔಟ್‌ಪುಟ್‌ಗಳನ್ನು ಸುಮ್ನೆ ವೈ ಕೇಬಲ್‌ನಲ್ಲಿ (ಎರಡು ಪಿನ್ ಸೇರಿ ಒಂದಾಗುವ ಕೇಬಲ್) ಕಟ್ಟಿಹಾಕಬೇಡಿ.

ಇಂಥ ಜಾಕ್ ಇಲ್ಲದಿದ್ದರೆ ಹೆಡ್‌ಫೋನ್ ಜಾಕ್ ಇದ್ದೇ ಇರುತ್ತದಲ್ಲ, ಅದೂ ಆಗುತ್ತದೆ. ಅದಕ್ಕೆ ಪಿನ್ ಹಾಕಿದಾಗ ಒಳಗಿನ ಸ್ಪೀಕರ್ ಸಾಮಾನ್ಯವಾಗಿ ಬಂದ್ ಆಗುತ್ತದೆ, ಗಾಬರಿ ಬೇಡ. ಆದರೆ ಜಾಸ್ತಿ ಜನ ಎಡವುವುದು ಇಲ್ಲೇ. ಹೆಡ್‌ಫೋನ್ ಜಾಕ್‌ಗೆ ಹಾಕುವ ಪಿನ್‌ನ ತುದಿಯಲ್ಲಿ ಎಡ ಚಾನೆಲ್, ನಡುವಿನ ಉಂಗುರದಲ್ಲಿ ಬಲ ಚಾನೆಲ್ ಬರುತ್ತದೆ. ಪವರ್ಡ್ ಸ್ಪೀಕರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೂ ಅದೇ ಆಕಾರದ ಪಿನ್ ಹಿಡಿಸುತ್ತದೆ. ಅದು ಮಾತ್ರ ತುದಿ ಮತ್ತು ಉಂಗುರವನ್ನು ಒಂದೇ ಸಿಗ್ನಲ್‌ನ ಪ್ಲಸ್, ಮೈನಸ್ ಎಂದುಕೊಂಡು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಹಾಗಾಗಿ ಎರಡೂ ಚಾನೆಲ್‌ನಲ್ಲಿ ಒಂದೇ ತರಹ ಇರುವ ಸದ್ದೆಲ್ಲ ಮಾಯ. ಪೆಡಲ್‌ನ ಬೇಸ್ ಮೊದಲು ಹೋಗುತ್ತದೆ. ಉಳಿಯುವುದು ತೆಳ್ಳಗಿನ, ಟೊಳ್ಳು ಟೊಳ್ಳಾದ ಸದ್ದು. ಸ್ಪೀಕರೇ ಕೆಟ್ಟದ್ದು ಎಂದು ಅಂಗಡಿಗೆ ವಾಪಸ್ ಕೊಟ್ಟವರಿದ್ದಾರೆ! ಒಂದು ತುದಿಯಲ್ಲಿ 6.35 ಮಿ.ಮೀ. ಸ್ಟೀರಿಯೊ ಪಿನ್, ಇನ್ನೊಂದು ತುದಿಯಲ್ಲಿ ಎರಡು ಮೋನೊ ಪಿನ್ ಇರುವ ಕೇಬಲ್ ಕೇಳಿ ತನ್ನಿ. ಎರಡು ಸ್ಪೀಕರ್ ಇದ್ದರೆ ಒಂದೊಂದಕ್ಕೆ ಒಂದೊಂದು ಪಿನ್. ಒಂದೇ ಸ್ಪೀಕರ್ ಆದರೆ ನಡುವೆ ಎರಡೂ ಚಾನೆಲ್ ಬೆರೆಸಿ ಒಂದು ಮಾಡುವ ಸಣ್ಣ ಆಡಿಯೊ ಮಿಕ್ಸರ್ ಇಡಿ.

ಸ್ಪೀಕರ್ ಆರಿಸುವಾಗ ಪೆಟ್ಟಿಗೆಯ ಮೇಲಿನ ‘1000 ವಾಟ್’ ನೋಡಿ ಮರುಳಾಗಬೇಡಿ. ಅದು ಹೆಚ್ಚಾಗಿ ಕ್ಷಣಮಾತ್ರದ ಪೀಕ್ ಲೆಕ್ಕ. ಎಷ್ಟು ಕೆಳಗಿನ ಸ್ವರ ನುಡಿಸುತ್ತದೆ ಅನ್ನುವುದೇ ಆರ್ಗನ್‌ಗೆ ಮುಖ್ಯ. ಪೆಡಲ್‌ನ ಅತಿ ಕೆಳಗಿನ ಸಿ ಸ್ವರ 8 ಅಡಿಯ ಧ್ವನಿಯಲ್ಲಿ ಸುಮಾರು 65 ಹರ್ಟ್ಜ್, 16 ಅಡಿಯದರಲ್ಲಿ ಸುಮಾರು 33 ಹರ್ಟ್ಜ್ (ಅಡಿ ಎಂದರೆ ಪೈಪ್ ಆರ್ಗನ್‌ನ ಕೊಳವೆಯ ಉದ್ದದಿಂದ ಬಂದ ಲೆಕ್ಕ; ಅಡಿ ಹೆಚ್ಚಾದಷ್ಟೂ ಸ್ವರ ಕೆಳಗೆ). 12 ಇಂಚಿನ ವೂಫರ್ ಇರುವ ಸ್ಪೀಕರ್ ಕೂಡ ಸಾಮಾನ್ಯವಾಗಿ 50 ಹರ್ಟ್ಜ್ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಕ್ಯಾರಲ್ ಹಾಡಲು ಇಷ್ಟು ಧಾರಾಳ ಸಾಕು, ಸಬ್‌ವೂಫರ್‌ಗೆ ದುಡ್ಡು ಸುರಿಯಬೇಕಾಗಿಲ್ಲ. ಬಯಲಲ್ಲಿ ಬೇಸ್ ಸೊರಗುತ್ತದೆ, ಅದಕ್ಕೇ ಸ್ಪೀಕರನ್ನು ಅಂಗಳದ ನಡುವೆ ಇಡದೆ ಮನೆ ಗೋಡೆಗೆ ಒತ್ತಿ ಇಡಿ.

ಕೋಣೆಯಿಂದ ಅಂಗಳಕ್ಕೆ ಕೇಬಲ್ ಐದಾರು ಮೀಟರ್ ದಾಟಿದರೆ ಆರ್ಗನ್ ಪಕ್ಕದಲ್ಲಿ ಡಿಐ ಬಾಕ್ಸ್ (ಸಿಗ್ನಲನ್ನು ಉದ್ದದ ಕೇಬಲ್‌ಗೆ ಒಗ್ಗುವ ಬ್ಯಾಲೆನ್ಸ್ಡ್ ರೂಪಕ್ಕೆ ಬದಲಿಸುವ ಸಣ್ಣ ಪೆಟ್ಟಿಗೆ) ಇಟ್ಟು, ಅಲ್ಲಿಂದ ಮೈಕ್‌ಗೆ ಬಳಸುವ ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಕೇಬಲ್ ಎಳೆಯಿರಿ. ‘ಗುಂಯ್’ ಎನ್ನುವ ಸದ್ದು ಬಂದರೆ ಮೊದಲು ಆರ್ಗನ್, ಸ್ಪೀಕರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟು ನೋಡಿ, ಆಮೇಲೆ ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುವ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್‌ನ ಅರ್ತ್ ಪಿನ್ ಕಿತ್ತರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಲೇಬೇಡಿ. ಡಿಸೆಂಬರ್ ಇಬ್ಬನಿಯಲ್ಲಿ, ಒದ್ದೆ ಅಂಗಳದಲ್ಲಿ ಅದು ಜೀವಕ್ಕೇ ಅಪಾಯ.

ಆರ್ಗನ್ ಮೊದಲು ಆನ್ ಮಾಡಿ, ಸ್ಪೀಕರ್ ಕೊನೆಗೆ. ಆಫ್ ಮಾಡುವಾಗ ಸ್ಪೀಕರ್ ಮೊದಲು.

ಪ್ರಶ್ನೆ: ಟೋನ್‌ವೀಲ್ (ತಿರುಗಿ ಸ್ವರ ಹುಟ್ಟಿಸುವ ಲೋಹದ ಚಕ್ರ) ಇರುವ ಹಳೆಯ ಹ್ಯಾಮಂಡ್ ಆರ್ಗನ್ ಮತ್ತು ಅದರ ಜತೆ ಬಳಸುವ, ಒಳಗೆ ಹಾರ್ನ್ ತಿರುಗುವ ಲೆಸ್ಲಿ ಸ್ಪೀಕರನ್ನು ಅಮೆರಿಕದಿಂದ ಬೆಂಗಳೂರಿಗೆ ತರಿಸುವ ಆಸೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಸಾಕಾ?

ಉತ್ತರ: ಸಾಲದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ ಅಷ್ಟೇ. ಹ್ಯಾಮಂಡ್‌ನ ಚಕ್ರ ತಿರುಗಿಸುವ ಮೋಟರ್ ಕರೆಂಟಿನ ಹರ್ಟ್ಜ್‌ಗೆ ತಕ್ಕಂತೆ ಓಡುತ್ತದೆ. ಅಲ್ಲಿಯ 60 ಹರ್ಟ್ಜ್ ಆರ್ಗನ್ ಇಲ್ಲಿಯ 50 ಹರ್ಟ್ಜ್‌ನಲ್ಲಿ ಮೂರು ಸೆಮಿಟೋನ್‌ಗಿಂತ (ಸೆಮಿಟೋನ್ ಎಂದರೆ ಅಕ್ಕಪಕ್ಕದ ಎರಡು ಕೀಗಳ ಅಂತರ) ತುಸು ಜಾಸ್ತಿಯೇ ಕೆಳಗಿಳಿಯುತ್ತದೆ. ಸಿ ಒತ್ತಿದರೆ ‘ಎ’ ಸ್ವರಕ್ಕಿಂತಲೂ ಸ್ವಲ್ಪ ಕೆಳಗಿನ ಸ್ವರ ಕೇಳಿಸುತ್ತದೆ, ಬೇರೆ ವಾದ್ಯಗಳ ಜತೆ ಕೂರುವುದಿಲ್ಲ. 50 ಹರ್ಟ್ಜನ್ನು 60 ಮಾಡುವ ಫ್ರೀಕ್ವೆನ್ಸಿ ಕನ್ವರ್ಟರ್ ಬೇಕೇ ಬೇಕು. ಅದರ ಖರ್ಚು ಸೇರಿಸಿ ಲೆಕ್ಕ ಹಾಕಿ.

ಲೆಸ್ಲಿ ಬಗ್ಗೆ ಒಂದು ಎಚ್ಚರಿಕೆ. ಮಾಡೆಲ್ 122 ಮತ್ತು 147 ಎರಡಕ್ಕೂ 6 ಪಿನ್‌ನ ಒಂದೇ ಥರದ ಪ್ಲಗ್. ವೈರಿಂಗ್ ಮಾತ್ರ ಬೇರೆ ಬೇರೆ, ಮೇಲಾಗಿ ಅದೇ ಕೇಬಲ್‌ನಲ್ಲಿ ಮೇನ್ಸ್ ಕರೆಂಟೂ ಹರಿಯುತ್ತದೆ. ಪೆಟ್ಟಿಗೆಯ ಹಿಂದಿನ ಮಾಡೆಲ್ ನಂಬರ್ ನೋಡದೆ ಸಿಕ್ಕಿಸಲು ಹೋಗಬೇಡಿ.