400ಕ್ಕೆ ಅಂಟಿಕೊಂಡ ಗ್ರಾಫ್: ಮೊದಲು ಎಎಸ್‌ಸಿ ಆಫ್ ಮಾಡಿ

ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ (ಸಿಒ2) ಅಳೆಯುವ ಎಸ್‌ಸಿಡಿ41 ಸೆನ್ಸರನ್ನು ಮಲಗುವ ಕೋಣೆಯಲ್ಲಿಟ್ಟು ಮೂರು ತಿಂಗಳ ಗ್ರಾಫ್ ಹಾಕಿದ್ದೀರಿ. "ಕನಿಷ್ಠ ಮಟ್ಟ 400 ಬಿಟ್ಟು ಅಲ್ಲಾಡಿಲ್ಲ, ಹಾಗಾದರೆ ಹೊರಗಿನ ಗಾಳಿಯಲ್ಲಿ 425 ಅನ್ನೋದು ಯಾವ ಲೆಕ್ಕ?" ಅಂತ ಕೇಳಿದ್ದೀರಿ. ಆ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 400 ಸಿಒ2 ಅಣು) ಗಾಳಿಯದ್ದಲ್ಲ, ಸೆನ್ಸರ್ ತಾನೇ ಬರೆದುಕೊಂಡದ್ದು. ಎಎಸ್‌ಸಿ (ಸೆನ್ಸರ್ ತನ್ನನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ) ಆನ್ ಇದ್ದರೆ ಅದು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ರೀಡಿಂಗನ್ನೇ ಹೊರಗಿನ ಗಾಳಿ ಅಂದುಕೊಂಡು 400ಕ್ಕೆ ಎಳೆದು ಕೂರಿಸುತ್ತೆ. ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಹೊರಗಿನ ಗಾಳಿಯ ಸಿಒ2 ವಾರ್ಷಿಕ ಸರಾಸರಿ 400 ದಾಟಿದ್ದು 2015ರಲ್ಲಿ. 2024ರದ್ದು 424.6. ಸೆನ್ಸರಿನ ಫ್ಯಾಕ್ಟರಿ ಡಿಫಾಲ್ಟ್ ಮಾತ್ರ 400ರಲ್ಲೇ ನಿಂತಿದೆ. ಡೇಟಾಶೀಟ್ (ತಯಾರಕರ ಮಾಹಿತಿ ಹಾಳೆ) ಓದದೆ ಗ್ರಾಫ್ ಹಾಕಬೇಡಿ ಅಂತ ಈ ಗುಂಪಿನಲ್ಲಿ ಎಷ್ಟು ಸಲ ಹೇಳೋದು!

25 ಪಿಪಿಎಂ ವ್ಯತ್ಯಾಸವಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಕಿಟಕಿ ಮುಚ್ಚಿಯೇ ಇರುವ ಕೋಣೆಯಲ್ಲಿ ನಿಜವಾದ ಕನಿಷ್ಠವೇ 620 ಇರಬಹುದು. ಅದನ್ನೂ 400 ಅಂತ ಕೂರಿಸುತ್ತೆ. ಆಮೇಲೆ ಅದೇ ಸೆನ್ಸರನ್ನು ಟೆರೇಸಿಗೆ ಒಯ್ದರೆ 200ರ ಆಸುಪಾಸು ತೋರಿಸುತ್ತೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕ ಗಾಳಿಗುಳ್ಳೆಗಳ ಪ್ರಕಾರ 200 ಇದ್ದದ್ದು ಹಿಮಯುಗದಲ್ಲಿ. ಕೈಗಾರಿಕೆಗಳು ಬರುವ ಮೊದಲು ಸುಮಾರು 280 ಇತ್ತು. ಹೊರಗಿನ ರೀಡಿಂಗ್ ಅದಕ್ಕಿಂತ ಕೆಳಗೆ ಬಂತು ಅಂದರೆ ಗಾಳಿ ಶುದ್ಧವಾಗಿದೆ ಅಂತ ಖುಷಿಪಡಬೇಡಿ, ಕ್ಯಾಲಿಬ್ರೇಶನ್ (ಅಳತೆಯ ಹೊಂದಾಣಿಕೆ) ಕೆಟ್ಟಿದೆ.

ಮಾಡಬೇಕಾದ್ದು ಇಷ್ಟು. ಮೊದಲು ಅಳತೆ ನಿಲ್ಲಿಸಿ, 500 ಮಿಲಿಸೆಕೆಂಡ್ ಕಾಯಿರಿ. ಕೋಡಿನಿಂದ ಸೆನ್ಸರಿಗೆ ಕಳಿಸುವ ಹೆಕ್ಸ್ (16ರ ಮೂಲದ ಸಂಖ್ಯೆ) 2416 ಕಮಾಂಡಿಗೆ ಸೊನ್ನೆ ಕೊಟ್ಟು ಎಎಸ್‌ಸಿ ಆಫ್ ಮಾಡಿ, ಹೆಕ್ಸ್ 3615 ಕಳಿಸಿ ಸೇವ್ ಮಾಡಿ. ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದ ಕೂಡಲೇ ಮತ್ತೆ ಆನ್. ಹಾಗಂತ 3615 ಅನ್ನು ಲೂಪಿನೊಳಗೆ ಹಾಕಬೇಡಿ, ಸೆಟ್ಟಿಂಗ್ ಉಳಿಸುವ ಈಪ್ರಾಮ್ ಮೆಮೊರಿಗೆ ಗ್ಯಾರಂಟಿ ಇರೋದು 2000 ಸಲ ಬರೆಯುವುದಕ್ಕೆ ಮಾತ್ರ.

ಮುಂದಿನದ್ದು ಒತ್ತಡ. ಇದನ್ನು ಬಿಟ್ಟು ಕ್ಯಾಲಿಬ್ರೇಶನ್ ಮಾಡುವವರೇ ಜಾಸ್ತಿ. ಸೆನ್ಸರ್ ನಿಜಕ್ಕೂ ಎಣಿಸೋದು ತನ್ನೊಳಗಿನ ಜಾಗದಲ್ಲಿ ಎಷ್ಟು ಅಣುಗಳಿವೆ ಅಂತ. ಪಿಪಿಎಂ ಆಮೇಲಿನ ಲೆಕ್ಕ. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಒತ್ತಡ ಸುಮಾರು 900 ಹೆಕ್ಟೊಪಾಸ್ಕಲ್. ಅಲ್ಲಿ 425 ಇದ್ದರೂ ತಿದ್ದದ ಸೆನ್ಸರ್ 377ರ ಹತ್ತಿರ ತೋರಿಸುತ್ತೆ. ಪಕ್ಕದಲ್ಲೊಂದು ಬಿಎಂಪಿ280 (ಗಾಳಿಯ ಒತ್ತಡದ ಸೆನ್ಸರ್) ಹಾಕಿ, ಅದರ ಓದನ್ನು ಸಮುದ್ರ ಮಟ್ಟಕ್ಕೆ ತಿದ್ದದೆ, ಹೆಕ್ಟೊಪಾಸ್ಕಲ್ಲಿನಲ್ಲಿ ಒತ್ತಡದ ಕಮಾಂಡಿಗೆ ಕೊಡಿ. ಹವಾಮಾನ ಆ್ಯಪಿನ ಒತ್ತಡ ಬೇಡ, ಅದು ಸಮುದ್ರ ಮಟ್ಟಕ್ಕೆ ತಿದ್ದಿದ ಅಂಕಿ; ಕೊಟ್ಟರೆ ಎಷ್ಟೇ ಎತ್ತರದಲ್ಲಿದ್ದರೂ 1010 ಅಂತಲೇ ಹೋಗುತ್ತೆ.

ಈಗ ಫೋರ್ಸ್ಡ್ ಕ್ಯಾಲಿಬ್ರೇಶನ್, ಅಂದರೆ ಸೆನ್ಸರನ್ನು ಹೊರಗಿನ ಗಾಳಿಯಲ್ಲಿಟ್ಟು ಮಟ್ಟ ಇಷ್ಟು ಅಂತ ನಾವೇ ಹೇಳಿಕೊಡೋದು. ಹೊತ್ತು ಮುಖ್ಯ: ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ, ಗಾಳಿ ಬೀಸುತ್ತಿರುವ ದಿನ. ಬೆಳಗಿನ ಜಾವ ಬೇಡವೇ ಬೇಡ. ರಾತ್ರಿ ಗಿಡ, ಮಣ್ಣು ಎಲ್ಲ ಉಸಿರು ಬಿಡುತ್ತವೆ, ತಣ್ಣಗಿನ ಗಾಳಿ ನೆಲಕ್ಕೇ ಅಂಟಿಕೊಂಡು ಮೇಲಿನದ್ದರ ಜೊತೆ ಬೆರೆಯೋದಿಲ್ಲ. ಮಧ್ಯರಾತ್ರಿ ಟೆರೇಸಿನಲ್ಲಿ 480 ಬಂತು ಅಂತ ನೀವೇ ಬರೆದಿದ್ದೀರಲ್ಲ, ಅದು ನಿಜವೇ ಇರಬಹುದು. ಬಿಸಿಲೇರಿ ಗಾಳಿ ಕದಡಿದ ಮೇಲೆ ಮಾತ್ರ ಹಿನ್ನೆಲೆ ಮಟ್ಟ ಸಿಗುತ್ತೆ.

ರಸ್ತೆ, ಜನರೇಟರ್, ಅಡುಗೆಮನೆ ಹೊಗೆಯಿಂದ ದೂರ, ನೆರಳಿನಲ್ಲಿ, ತೂತುಗಳಿರುವ ಡಬ್ಬಿಯಲ್ಲಿಟ್ಟು ಅರ್ಧ ಗಂಟೆ ಓಡಿಸಿ. ಡೇಟಾಶೀಟ್ ಮೂರು ನಿಮಿಷ ಸಾಕು ಅನ್ನುತ್ತೆ. ಬಿಸಿ ಡಬ್ಬಿಗೆ ಸಾಕಾಗೋದಿಲ್ಲ. ನೀವು ಗಾಳಿ ಹೋಗುವ ಕಡೆ ನಿಲ್ಲಿ. ನಾವು ಬಿಡುವ ಉಸಿರಿನಲ್ಲಿ ಸುಮಾರು 4% ಅಂದರೆ 40,000 ಪಿಪಿಎಂ ಇರುತ್ತೆ. 20 ಲೀಟರ್ ಡಬ್ಬಿಗೆ ಅರ್ಧ ಲೀಟರ್ ಉಸಿರು ನುಗ್ಗಿದರೆ 1000 ಏರುತ್ತೆ. ರೀಡಿಂಗ್ ಐದು ನಿಮಿಷ ಸಮನಾಗಿ ನಿಂತಿತೋ, ಅಳತೆ ನಿಲ್ಲಿಸಿ, 500 ಮಿಲಿಸೆಕೆಂಡ್ ಬಿಟ್ಟು ಹೆಕ್ಸ್ 362ಎಫ್‌ಗೆ 425 ಕೊಡಿ. ವಾಪಸ್ ಎಫ್‌ಎಫ್‌ಎಫ್‌ಎಫ್ ಬಂದರೆ ಫೇಲ್, ಮತ್ತೆ ಮಾಡಿ. 425ರ ಬದಲು ಆ ತಿಂಗಳ ಮೌನಾ ಲೋವಾ ಅಂಕಿ ಹಾಕಿದರೆ ಇನ್ನೂ ಒಳ್ಳೆಯದು. ಅಲ್ಲಿ ಮೇಯಲ್ಲಿ ಏರಿ ಸೆಪ್ಟೆಂಬರ್ ಹೊತ್ತಿಗೆ 6-7 ಪಿಪಿಎಂ ಇಳಿಯುತ್ತೆ. ಕೆಲವು ತಿಂಗಳಿಗೊಮ್ಮೆ ಇದನ್ನೆಲ್ಲ ಮತ್ತೆ ಮಾಡಬೇಕು, ಎಎಸ್‌ಸಿ ಇಲ್ಲದಿದ್ದರೆ ಡ್ರಿಫ್ಟ್ (ರೀಡಿಂಗ್ ನಿಧಾನವಾಗಿ ಜಾರೋದು) ತಾನಾಗಿ ಸರಿಹೋಗದು. ದಿನಾ ಕಿಟಕಿ ತೆರೆಯುವ ಕೋಣೆಯಾದರೆ ಎಎಸ್‌ಸಿ ಇಟ್ಟುಕೊಳ್ಳಿ, ಆದರೆ ಹೊಸ ಡೇಟಾಶೀಟಿನಲ್ಲಿರುವ ಟಾರ್ಗೆಟ್ ಕಮಾಂಡಿನಿಂದ 400 ಅನ್ನು ಬದಲಿಸಿ.

ಎಂಎಚ್-ಝಡ್19ಬಿ ಅನ್ನೋ ಇನ್ನೊಂದು ಸಿಒ2 ಸೆನ್ಸರ್ ಇಟ್ಟುಕೊಂಡವರಿಗೂ ಒಂದು ಮಾತು. ಅದು ಇನ್ನೂ ಅವಸರದ್ದು, 24 ಗಂಟೆಗೊಮ್ಮೆ ತಿದ್ದಿಕೊಳ್ಳುತ್ತೆ. ಹೆಕ್ಸ್ 79 ಕಮಾಂಡಿನ ಮುಂದಿನ ಬೈಟ್ ಸೊನ್ನೆ ಇದ್ದರೆ ಆ ತಿದ್ದುವಿಕೆ ಆಫ್, ಎ0 ಇದ್ದರೆ ಆನ್. ಎಚ್‌ಡಿ ಪಿನ್ನನ್ನು 7 ಸೆಕೆಂಡಿಗಿಂತ ಹೆಚ್ಚು ಗ್ರೌಂಡಿಗೆ ಹಿಡಿದರೆ ಆ ಕ್ಷಣದ ಗಾಳಿಯನ್ನು 400 ಅಂತ ಬರೆದುಕೊಳ್ಳುತ್ತೆ. ಟಾರ್ಗೆಟ್ ಬದಲಿಸಲು ದಾರಿಯಿಲ್ಲ, ಕೋಡಿನಲ್ಲೇ 25 ಕೂಡಿಸಿ. ಅದೇ ಜಾಗದಲ್ಲಿ ಹೀಗೆ ತಿದ್ದಿದ ಮೇಲೆ ಒತ್ತಡಕ್ಕೂ ಗುಣಿಸಬೇಡಿ, ಎರಡು ಸಲ ತಿದ್ದಿದಂತಾಗುತ್ತೆ.

ಎಂಕ್ಯು-135 ಅನ್ನೋ ಅನಿಲ ಸೆನ್ಸರಿನ ಮಾತು ಮಾತ್ರ ಎತ್ತಲೇಬೇಡಿ. ಅಗರಬತ್ತಿ ಹಚ್ಚಿದರೂ, ಸ್ಯಾನಿಟೈಸರ್ ಹಚ್ಚಿದರೂ ಏರುವ ಸೆನ್ಸರ್ ಅದು. ಎಲ್ಲರೂ ಬಳಸುವ ಅದರ ಲೈಬ್ರರಿಯಲ್ಲಿ ವಾತಾವರಣದ ಮಟ್ಟ 397.13 ಅಂತ ಕೋಡಿನಲ್ಲೇ ಕೂತಿದೆ. ಸಿಸಿಎಸ್811, ಎಸ್‌ಜಿಪಿ30 ಸೆನ್ಸರುಗಳು ಕೊಡುವ ಇಸಿಒ2 (ಬೇರೆ ಅನಿಲಗಳಿಂದ ಲೆಕ್ಕ ಹಾಕಿದ ಸಿಒ2) ಕೂಡ ಅಂದಾಜೇ, ಅಳತೆಯಲ್ಲ.

ಇಷ್ಟೆಲ್ಲ ಮಾಡಿದರೂ ವರ್ಷಕ್ಕೆ ಸುಮಾರು 2.5 ಪಿಪಿಎಂ ಏರಿಕೆ ನಿಮ್ಮ ಗ್ರಾಫಿನಲ್ಲಿ ಕಾಣೋದಿಲ್ಲ. ಇಂಥ ಸೆನ್ಸರುಗಳಲ್ಲಿ ವಾಸಿ ಅನ್ನಬಹುದಾದ ಎಸ್‌ಸಿಡಿ30ರ ನಿಖರತೆಯೇ ±(30 ಪಿಪಿಎಂ + ಓದಿದ್ದರ 3%), ಅಂದರೆ 425ಕ್ಕೆ ಸುಮಾರು 43. ಹದಿನೇಳು ವರ್ಷದ ಏರಿಕೆ ಅದರೊಳಗೇ ಮುಚ್ಚಿಹೋಗುತ್ತೆ. 1958ರಿಂದ ಮೌನಾ ಲೋವಾದಲ್ಲಿ ಆ ಏರಿಕೆಯನ್ನು ಹಿಡಿದದ್ದು ಗಾಳಿಯ ತೇವ ತೆಗೆದು, ಮಟ್ಟ ಗೊತ್ತಿರುವ ಅನಿಲದ ಸಿಲಿಂಡರಿಗೆ ಮತ್ತೆ ಮತ್ತೆ ಹೋಲಿಸಿ. ತೇವ ಸಣ್ಣ ವಿಷಯವಲ್ಲ: ಗಾಳಿಯಲ್ಲಿ 3% ನೀರಾವಿ ಇದ್ದರೆ ಒಣಗಾಳಿಯ 425 ಹಸಿಗಾಳಿಯಲ್ಲಿ 412 ಆಗುತ್ತೆ.

ಇನ್ನೊಬ್ಬರು ಆಕ್ಸಿಜನ್ ಸೆನ್ಸರ್ ತಂದರೆ ಇಳಿಕೆ ಕಾಣುತ್ತಾ ಅಂತ ಕೇಳಿದ್ದರು. ಇಳಿಯುತ್ತಿರುವುದು ನಿಜ, ಇಂಧನ ಸುಟ್ಟಾಗ ಅದೇ ಖರ್ಚಾಗೋದು. ಆದರೆ 20.95%ರಲ್ಲಿ ವರ್ಷಕ್ಕೆ ಸುಮಾರು 4 ಪಿಪಿಎಂ. ದುಡ್ಡು ದಂಡ, ತರಬೇಡಿ.

ಮುಂದಿನ ಗ್ರಾಫಿನ ಜೊತೆ ಎಎಸ್‌ಸಿ ಆನೋ ಆಫೋ, ಒತ್ತಡ ಎಷ್ಟು ಕೊಟ್ಟಿದ್ದೀರಿ, ಕೊನೆಯ ಕ್ಯಾಲಿಬ್ರೇಶನ್ ಯಾವಾಗ, ಮೂರನ್ನೂ ಬರೆಯಿರಿ.